ಒಡೆಯರಪಾಳ್ಯದಿಂದ ಯಾವ ಹಾದಿ ಹಿಡಿಯೋದು?

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಕೆಲಸ, ಊರು, ಯಾರದ್ದೋ ಮದುವೆ, ಮತ್ತೆ ಕೆಲಸ... ಯಾಕೆ ಬರೀಲಿಲ್ಲ ಅಂತ ಯಾರೂ ಕೇಳಲಿಲ್ಲ ಬಿಡಿ, ಆದ್ರೂ ಹೇಳ್ಕೊಳೋದು ನಮ್ಮಲ್ಲಿ ರೂಢಿ ತಾನೆ :-)

ನಾರ್ವೆಯಲ್ಲಿರೋ ಗೆಳೆಯನೊಬ್ಬ ಅಲ್ಲಿನ ಫ್ಯೋರ್ಡುಗಳ ಸುತ್ತ ನಡೆದಾಡಿದ ಫೋಟೋಗಳ ಕಂತೆಯನ್ನೇ ಕಳಿಸಿದ್ದ. ಕೆಳಗೆ ಕಡುನೀಲಿ ನೀರು, ಮೇಲೆ ಕಡಿದಾದ ಬಂಡೆ, ಬಂಡೆಯ ಅಂಚಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮ ಮಹಾಶಯ. ಕೊನೆಯಲ್ಲಿ ಒಂದು ಸಾಲು: ರಜೆಗೆ ಬಂದಾಗ ನಿಮ್ಮ ಒಡೆಯರಪಾಳ್ಯದ ಕಡೆ ಹೋಗೋಣ, ಒಳ್ಳೇ ಸೀನರಿ ಇರೋ ಹಾದಿ ಮೂರು ನಾಲ್ಕು ಆರಿಸಿ ಇಡು. ಸರಿ ಅಂತ ಆರಿಸೋಕೆ ಕೂತೆ. ಕೂತ ಮೇಲೆ ಹಾದಿಗಿಂತ ಹಾದಿಯ ಚರಿತ್ರೆಯೇ ಹೆಚ್ಚಾಗಿ ಕಾಲಿಗೆ ತೊಡರಿಕೊಳ್ತು. ಅದನ್ನ ಇಲ್ಲಿ ಬರೆದಿಡ್ತಾ ಇದ್ದೀನಿ.

ಮೊದಲು ಫ್ಯೋರ್ಡಿನ ವಿಷಯ. ಹಿಮನದಿ ಸಾವಿರಾರು ವರ್ಷ ಕೊರೆದು ಮಾಡಿದ ಆಳದ ಕಣಿವೆಗೆ ಸಮುದ್ರ ನುಗ್ಗಿ ತುಂಬಿಕೊಂಡ್ರೆ ಅದು ಫ್ಯೋರ್ಡ್. ನಾರ್ವೆಯ ಸೋನ್ಯೆ ಫ್ಯೋರ್ಡ್ ಇನ್ನೂರು ಕಿಲೋಮೀಟರಿಗೂ ಉದ್ದ, ಆಳ 1300 ಮೀಟರ್. ಈಗ ಜಗತ್ತಿನ ಎಲ್ಲಾ ಕಡೆಯಿಂದ ಜನ ಅಲ್ಲಿಗೆ ನಡೆಯೋಕೆ ಹೋಗ್ತಾರೆ. 1868ರಲ್ಲೇ ಅಲ್ಲಿ ಚಾರಣಿಗರ ಸಂಘ ಹುಟ್ಟಿತ್ತು; ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ 'ಟಿ' ಅಂತ ಗುರುತು ಹಾಕಿಟ್ಟಿರ್ತಾರೆ, ಅದನ್ನ ಹಿಡಿದು ಹೋದ್ರೆ ಆಯ್ತು. ಆದ್ರೆ ಆ ಹಾದಿಗಳು ಹುಟ್ಟಿದ್ದು ಸೀನರಿಗಲ್ಲ. ಗೈರಾಂಗರ್ ಫ್ಯೋರ್ಡಿನ ಮೇಲೆ ಸ್ಕಾಗೆಫ್ಲೋ ಅಂತ ಒಂದು ಹಳೇ ಒಕ್ಕಲು ಮನೆ ಇದೆ. ನೀರಿನಿಂದ ಸುಮಾರು 250 ಮೀಟರ್ ಎತ್ತರದಲ್ಲಿ, ಬಂಡೆಯ ಅಂಚಿಗೆ ಅಂಟಿಕೊಂಡ ಹಾಗೆ. ತೆರಿಗೆ ವಸೂಲಿಯವನು ಬಂದ್ರೆ ಏಣಿ ಮೇಲಕ್ಕೆ ಎಳ್ಕೊಂಡು ಬಿಡ್ತಿದ್ರು ಅಂತ ಕತೆ ಹೇಳ್ತಾರೆ (ನಮ್ಮೂರಲ್ಲಿ ಶಾನುಭೋಗರು ಬಂದಾಗ ಹಟ್ಟಿ ಹಿಂದೆ ಮರೆಯಾಗ್ತಿದ್ದೋರ ಕತೆ ಇಲ್ವೇ, ಹಾಗೆ). ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಲ್ಲಿನ ಸಂಸಾರ ಮನೆ ಬಿಟ್ಟು ಇಳಿದು ಹೋಯ್ತು. 1993ರಲ್ಲಿ ನಾರ್ವೆಯ ರಾಜ ಹರಾಲ್ಡ್, ರಾಣಿ ಸೋನ್ಯಾ ತಮ್ಮ ಮದುವೆಯ ಇಪ್ಪತ್ತೈದನೇ ವರ್ಷವನ್ನ ಅದೇ ಅಂಚಿನ ಮನೆಯಲ್ಲಿ ಆಚರಿಸಿಕೊಂಡ್ರು. ಇನ್ನೊಂದು ಕಡೆ, ಐಡ್‌ಫ್ಯೋರ್ಡಿನ ಹತ್ತಿರ ಶೇಓಸೆನ್ ಅಂತ ಒಂದು ಒಕ್ಕಲು. ಅದು 500 ಮೀಟರಿಗೂ ಮೇಲೆ. 1970ರ ದಶಕದಲ್ಲಿ ಜಲವಿದ್ಯುತ್ ಯೋಜನೆಯ ದೆಸೆಯಿಂದ ಸುರಂಗದ ರಸ್ತೆ ಬರೋವರೆಗೂ ಉಪ್ಪಿಂದ ಹಿಡಿದು ಒಲೆವರೆಗೆ ಎಲ್ಲಾ ಬೆನ್ನ ಮೇಲೇ ಹತ್ತಬೇಕಿತ್ತು. ಈಗ ಅದೇ ಹಳೇ ಕಾಲುದಾರಿಯನ್ನ ಚಾರಣಿಗರು ಖುಷಿಗೆ ಹತ್ತುತ್ತಾರೆ.

ಅಂದ್ರೆ ಅಲ್ಲಿ ಹೊರೆ ಹೊತ್ತು ಹತ್ತೋರು ಮೊದಲು ಇಳಿದು ಹೋದ್ರು, ಇಲ್ಲಾ ಅವರಿಗೆ ರಸ್ತೆ ಬಂತು. ಆಮೇಲೆ ಹಾದಿ ಚಂದ ಅನ್ನಿಸಿಕೊಳ್ತು. ನಮ್ಮ ಕಡೆ ಈ ಕ್ರಮ ತಪ್ಪಿದೆ. ಹೊರೆ ಹೊತ್ತವರು ಇನ್ನೂ ಹಾದಿ ಮೇಲಿದ್ದಾರೆ, ಆಗಲೇ ಕ್ಯಾಮೆರಾ ಹಿಡಿದವರೂ ಬಂದಿದ್ದಾರೆ. ನಾನು ಹೇಳಬೇಕು ಅಂತಿರೋದು ಇಷ್ಟೇ, ಉಳಿದಿದ್ದೆಲ್ಲಾ ಇದರ ವಿವರ.

ಒಡೆಯರಪಾಳ್ಯ ಗೊತ್ತಿಲ್ಲದವರಿಗೆ: ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಮೇಲೆ ಬಂದ್ರೆ ಸಿಗೋ ಊರು, ಈಗ ಹನೂರು ತಾಲೂಕು. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಮೂಡಣಕ್ಕೆ ಮಾದಪ್ಪನ ಬೆಟ್ಟದ ಸಾಲು. ಎರಡರ ನಡುವಿನ ಎತ್ತರದ ನೆಲ, ಹಾಗಾಗಿ ಬೇಸಿಗೆಯಲ್ಲೂ ಸಂಜೆ ಗಾಳಿ ತಣ್ಣಗೆ. ತೆಂಕಣಕ್ಕೆ ಹೋದ್ರೆ ಗೇರ್ಮಾಳದ ಕಾಡು, ಹಾಸನೂರು, ದಿಂಬಂ ಘಾಟಿ ಇಳಿದು ಸತ್ಯಮಂಗಲ. ಹೊರಗಿನವರಿಗೆ ಈ ಊರು ಗೊತ್ತಿರೋದು ಮಾತ್ರ ಟಿಬೆಟಿಯನ್ ಕ್ಯಾಂಪಿನಿಂದ. ಧೊಂಡೆನ್‌ಲಿಂಗ್ ಅಂತ ಅದರ ಹೆಸರು. ಬೈಲುಕುಪ್ಪೆ, ಮುಂಡಗೋಡು, ಹುಣಸೂರು ಕಡೆಯ ವಸತಿಗಳು ಆದ ಮೇಲೆ 1970ರ ದಶಕದಲ್ಲಿ ಇಲ್ಲಿ ಜಾಗ ಕೊಟ್ಟರು. ಕಾಡು ಕಡಿದು ಹೊಲ ಮಾಡಿದ್ರು, ಮುಸುಕಿನ ಜೋಳ ಹಾಕಿದ್ರು, ಹಳ್ಳಿ ಹಳ್ಳಿ ಕಟ್ಟಿಕೊಂಡ್ರು, ಜೋಗ್‌ಚೆನ್ ಮಠ ಎದ್ದಿತು. ಬೆಳಗ್ಗೆ ಹೋದ್ರೆ ವಯಸ್ಸಾದವರು ಮಣಿ ಎಣಿಸ್ಕೊಂಡು ಮಠದ ಸುತ್ತ ನಡೀತಾ ಇರ್ತಾರೆ. ಅದಕ್ಕೆ ಕೋರಾ ಅಂತಾರೆ, ನಮ್ಮ ಪ್ರದಕ್ಷಿಣೆ ಇದ್ದಹಾಗೆ. 1959ರಲ್ಲಿ ಮತ್ತು ಆಮೇಲೆ ಅವರ ಹಿರೀಕರು ಹಿಮಾಲಯದ ಕಣಿವೆಗಳನ್ನ ನಡೆದು ದಾಟಿ ಬಂದವರು. ಜಗತ್ತಿನ ಅತಿ ಚಂದದ ಹಾದಿಗಳು ಅಂತ ಈಗಿನ ಪ್ರವಾಸಿ ಪುಸ್ತಕಗಳು ಅವನ್ನ ಕರೀತಾವೆ. ಅವರು ರಾತ್ರಿ ನಡೀತಿದ್ರು, ಹಗಲು ಅಡಗಿರ್ತಿದ್ರು. ಎಷ್ಟು ನೋಡಿರ್ತಾರೆ ಹೇಳಿ.

ಅವರಿಗಿಂತ ಎಷ್ಟೋ ಮೊದಲಿನಿಂದ ಇಲ್ಲಿ ಇರೋರು ಸೋಲಿಗರು. ಈ ಎರಡೂ ಬೆಟ್ಟಸಾಲುಗಳ ಎಲ್ಲಾ ಹಾದಿಗಳ ಮೂಲ ಅವರ ಕಾಲು. ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಅಂತ ಕಾಡನ್ನೇ ಗುರುತು ಮಾಡಿಕೊಂಡಿದ್ದಾರೆ. ಒಂದು ಪೋಡಿನಿಂದ ಇನ್ನೊಂದಕ್ಕೆ ಹೋಗೋ ದಾರಿ ಕೇಳಿದ್ರೆ ಕಿಲೋಮೀಟರಲ್ಲಿ ಹೇಳಲ್ಲ, ಅಬ್ಬಿ ದಾಟಿ, ಕಲ್ಲುಗುಡಿ ಬಳಸಿ ಅಂತ ಹೇಳ್ತಾರೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸಮುದಾಯದ ಹಕ್ಕುಪತ್ರಗಳೂ ಸಿಕ್ಕವು. ಹುಲಿ ಕಾಡಿನೊಳಗೆ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಆಗ ಸುದ್ದಿಯಾಗಿತ್ತು. ಹಾಗಾಗಿ ಒಡೆಯರಪಾಳ್ಯದಿಂದ ಪಡುವಣಕ್ಕೆ ಕಾಡಿನೊಳಗೆ ನುಗ್ಗೋ ಹಾದಿಗಳನ್ನ ನಾನು ಪಟ್ಟಿಯಿಂದಲೇ ತೆಗೆದೆ. ಅವು ಅವರ ಹಾದಿ, ಹುಲಿಯ ಹಾದಿ. ನಮಗಲ್ಲ.

ಇನ್ನು ಉಳಿದಿದ್ದು ಮೂಡಣ. ಮಾದಪ್ಪನ ಬೆಟ್ಟ, ಅದರಾಚೆ ಕಾವೇರಿ. ನಮ್ಮಲ್ಲಿ ಫ್ಯೋರ್ಡ್ ಅನ್ನೋದಕ್ಕೆ ಹತ್ತಿರದ್ದು ಏನಾದ್ರೂ ಇದ್ರೆ ಇದೇ. ಸಂಗಮ, ಮೇಕೆದಾಟು ದಾಟಿದ ಮೇಲೆ ಕಾವೇರಿ ಬೆಟ್ಟಗಳ ಸಂದಿಯಲ್ಲಿ ಸುಮಾರು 64 ಕಿ.ಮೀ. ಕರ್ನಾಟಕ ತಮಿಳುನಾಡಿನ ಗಡಿಯಾಗಿ ಹರಿಯುತ್ತೆ. ಹೊಗೆನಕಲ್ಲಿನಲ್ಲಿ ಧುಮುಕಿ, ಇನ್ನೂ ಕೆಳಗೆ ಮೆಟ್ಟೂರಿನ ಹಿನ್ನೀರಾಗಿ ಹರಡುತ್ತೆ. ಹಿಮನದಿ ಇಲ್ಲ, ಸಮುದ್ರ ಇಲ್ಲ. ಆದ್ರೆ ಕಣಿವೆಗೆ ನೀರು ನುಗ್ಗಿ ನಿಂತಿರೋದಂತೂ ನಿಜ, ಅದನ್ನ ಮಾಡಿದ್ದು ಅಣೆಕಟ್ಟು. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಕಣಿವೆಯ ತಗ್ಗಿನ ಹಳ್ಳಿಗಳನ್ನ ಮುಳುಗಿಸಿತು. ಬರಗಾಲದಲ್ಲಿ ನೀರು ಇಳಿದಾಗ ಪಣ್ಣವಾಡಿ ಹತ್ತಿರ ಹಳೇ ದೇವಸ್ಥಾನದ ನಂದಿ, ಹಳೇ ಚರ್ಚಿನ ಗೋಪುರ ತಲೆ ಎತ್ತುತ್ತವೆ, ಆಗ ಪೇಪರಿನಲ್ಲಿ ಫೋಟೋ ಬರುತ್ತೆ.

ಮುಳುಗಿದ ಆ ತಗ್ಗಿಗೇ ಒಂದು ದೊಡ್ಡ ಹಾದಿ ಇಳೀತಿತ್ತು. ಇದು ನನ್ನ ಪಟ್ಟಿಯ ಮೊದಲನೇ ಹಾದಿ, ಕಾವೇರಿಪುರದ ಘಾಟಿ. ಕೊಳ್ಳೇಗಾಲ, ಹನೂರು, ಕೌದಳ್ಳಿ ಮೇಲೆ ಬಂದು ಪಾಲಾರ್ ಹಳ್ಳದ ಕಣಿವೆ ಕಡೆಯಿಂದ ಕಾವೇರಿಪುರಕ್ಕೆ ಇಳಿಯೋ ದಾರಿ. ಮೈಸೂರು ಸೀಮೆಯಿಂದ ಕೊಂಗುನಾಡಿಗೆ ಇಳಿಯೋಕೆ ಇದ್ದ ಮುಖ್ಯ ಬಾಗಿಲುಗಳಲ್ಲಿ ಒಂದು. ಇನ್ನೊಂದು ಪಡುವಣದ ಗಜಲಹಟ್ಟಿ. ಹೈದರ್ ಕಾಲದಲ್ಲೂ ಟಿಪ್ಪು ಕಾಲದಲ್ಲೂ ಈ ಬಾಗಿಲು ಯಾರ ಕೈಲಿದೆ ಅನ್ನೋದರ ಮೇಲೆ ಯುದ್ಧದ ಲೆಕ್ಕಾಚಾರ ನಡೀತಿತ್ತು.

ಈ ಘಾಟಿಯ ಕತೆಗಳಲ್ಲಿ ನನಗೆ ಬಹಳ ಹಿಡಿಸಿದ್ದು 1799ರದ್ದು. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದೆ, ಒಳಗೆ ಟಿಪ್ಪು, ಹೊರಗೆ ಇವರಿಗೆ ಅಕ್ಕಿಗೆ ಬರ. ಕೆಳಗಿನ ಸೀಮೆಯಲ್ಲಿ ರೀಡ್ ಮತ್ತು ಬ್ರೌನ್ ಅನ್ನೋ ಕರ್ನಲ್‌ಗಳು ಧಾನ್ಯ, ದನಕರು ಕೂಡಿಸಿ, ಎತ್ತಿನ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗೋ ಬಂಜಾರರನ್ನ ಸೇರಿಸಿಕೊಂಡು ಈ ಘಾಟಿ ಹತ್ತಿಸೋಕೆ ಹೊರಟರು. ಅವರನ್ನ ಕಾದು ಕರ್ಕೊಂಡು ಬರೋಕೆ ಅಂತ ಜನರಲ್ ಫ್ಲಾಯ್ಡ್ ಕುದುರೆ ಪಡೆ ಜೊತೆ ಕೌದಳ್ಳಿ ಕಡೆ ಬಂದ. ಹತ್ತೋದು ಅಂದ್ರೆ ಹಾಗೆ ಹತ್ತೋದಾ? ಸಾವಿರಾರು ಎತ್ತು, ಕಲ್ಲು, ಮುಳ್ಳು, ಏಪ್ರಿಲ್ ತಿಂಗಳ ಬಿಸಿಲು. ಆ ಹೇರೆಲ್ಲಾ ಮೇಲೆ ಬಂದು ಮುಟ್ಟೋ ಹೊತ್ತಿಗೆ ಮೇ 4 ಕಳೆದಿತ್ತು. ಪಟ್ಟಣ ಬಿದ್ದು, ಟಿಪ್ಪು ಸತ್ತು, ಎಲ್ಲಾ ಮುಗಿದಿತ್ತು. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಕೋಟೆ ಗೋಡೆ ಒಡೆದ ವಿಷಯ ಪುಟಗಟ್ಟಲೆ ಇರುತ್ತೆ, ಘಾಟಿ ಹತ್ತಿ ಸುಸ್ತಾದ ಎತ್ತುಗಳ ವಿಷಯ ಒಂದು ಸಾಲೂ ಇರಲ್ಲ.

ಮರು ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಇದೇ ದಾರಿಯಲ್ಲಿ ಇಳಿದ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಕೊಟ್ಟ ಕೆಲಸ ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೀತಾರೆ, ಏನು ನೇಯ್ತಾರೆ, ಎಷ್ಟು ಕಂದಾಯ ಹುಟ್ಟುತ್ತೆ ಅಂತ ನೋಡಿ ಬರೆಯೋದು. ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನ ಹಾದು ಕಾವೇರಿಪುರಕ್ಕೆ ಇಳಿದು ಮುಂದಕ್ಕೆ ಕೊಯಮತ್ತೂರು, ಮಲಬಾರ್ ಕಡೆ ಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯ್ತು. ನಮ್ಮ ಊರುಗಳ ಹೆಸರು ಅವನ ಸ್ಪೆಲಿಂಗಿನಲ್ಲಿ ಓದೋದೇ ಒಂದು ಮಜಾ, ಎಷ್ಟೋ ಕಡೆ ಎರಡು ಮೂರು ಸಲ ಬಾಯಲ್ಲಿ ಹೇಳಿ ನೋಡಿದ ಮೇಲೇ ಊರು ಹೊಳೆಯೋದು.

1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಸೀಮೆ ಮೈಸೂರು ಅರಸರಿಗೆ ಸಿಗಲಿಲ್ಲ, ಕಂಪನಿಯವರೇ ಇಟ್ಟುಕೊಂಡ್ರು. ಘಾಟಿಯ ಮೇಲಿನ ಕನ್ನಡದ ನೆಲ ಘಾಟಿಯ ಕೆಳಗಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೂ, ಅಂದ್ರೆ 157 ವರ್ಷ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕು ಅಂದ್ರೆ ಬೆಟ್ಟ ಇಳೀಲೇಬೇಕು. ಒಡೆಯರಪಾಳ್ಯದ ಮೇಲೆ ಹಾಸನೂರಿಗೆ ಹೋಗೋ ದಾರಿಯ ಮಹತ್ವ ಇದು. ಈಗ ಗಡಿಯ ಚೆಕ್‌ಪೋಸ್ಟ್ ನೋಡಿ ನಮಗೆ ಆ ಕಡೆ ಬೇರೆ ದೇಶ ಅನ್ನಿಸುತ್ತೆ, ಅಜ್ಜ ಅಜ್ಜಿಯರ ಕಾಲದಲ್ಲಿ ಅದೇ ಜಿಲ್ಲೆಯ ಹಾದಿ. ಗರಿಕೆಕಂಡಿ ದಾಟಿದ್ರೆ ಸಿಗೋ ಬರಗೂರು ಬೆಟ್ಟದಲ್ಲಿ ಇವತ್ತಿಗೂ ಕನ್ನಡ ಮಾತಾಡೋ ಲಿಂಗಾಯತರು ಕೆಂಪು ಮೈ ಮೇಲೆ ಬಿಳಿ ಮಚ್ಚೆಯ ಬರಗೂರು ದನ ಸಾಕ್ತಾರೆ, ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯ ದನದ ಸಂತೆಗೆ ಹೊಡ್ಕೊಂಡು ಹೋಗ್ತಾರೆ.

ಸರಿ, ಕಾವೇರಿಪುರದ ಘಾಟಿಯನ್ನ ಗೆಳೆಯನಿಗೆ ತೋರಿಸಬಹುದಾ? ಆಗಲ್ಲ. ಮೇಲಿನ ಭಾಗ ಡಾಂಬರು, ಲಾರಿ ಓಡಾಡುತ್ತೆ. ನಡುವಿನದ್ದು ಕಾಯ್ದಿಟ್ಟ ಕಾಡು. ಕೆಳಗಿನ ತಗ್ಗು ಮೆಟ್ಟೂರಿನ ನೀರಿನಲ್ಲಿದೆ. ಪಾಲಾರಿನ ಹತ್ತಿರ ಬಸ್ಸಿನ ಕಿಟಕಿಯಿಂದ ನೋಡ್ಕೋಬೇಕು ಅಷ್ಟೇ.

ಪಾಲಾರ್ ಅಂದ ಮೇಲೆ ಆ ಹೆಸರು ಬಾರದೆ ಹೋಗಲ್ಲ. ವೀರಪ್ಪನ್ ಕತೆ ನಿಮಗೆಲ್ಲಾ ಗೊತ್ತು, ನಾನು ಮತ್ತೆ ಹೇಳಲ್ಲ. ಹಾದಿಗೆ ಸಂಬಂಧಪಟ್ಟಷ್ಟು ಮಾತ್ರ. 1991ರ ನವೆಂಬರಿನಲ್ಲಿ ಗೋಪಿನಾಥಂ ಹತ್ತಿರ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ ಕೊಂದದ್ದು ಶರಣಾಗ್ತೀನಿ ಬಾ ಅಂತ ಕಾಡುದಾರಿಗೆ ಕರೆಸಿ. 1992ರ ಆಗಸ್ಟಿನಲ್ಲಿ ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ, ಎಸ್ಸೈ ಶಕೀಲ್ ಅಹಮದ್ ಸತ್ತದ್ದು ದಾರಿಯಲ್ಲಿ ಹೊಂಚು ಹಾಕಿದವರ ಕೈಲಿ. 1993ರ ಏಪ್ರಿಲ್ 9ಕ್ಕೆ ಪಾಲಾರಿನ ದಾರಿಯಲ್ಲಿ ನೆಲಬಾಂಬು ಸಿಡಿದು 22 ಜನ. ಹೌದು, ಸ್ಕಾಗೆಫ್ಲೋದಲ್ಲಿ ರಾಜ ರಾಣಿ ಹಬ್ಬ ಮಾಡಿದ ಅದೇ 1993. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸಾಯೋವರೆಗೂ ಈ ಕಡೆ ಕತ್ತಲಾದ ಮೇಲೆ ಓಡಾಟ ಅಂದ್ರೆ ಎದೆ ಡವಡವ.

ಇದರಲ್ಲಿ ಹೆಚ್ಚು ಪೆಟ್ಟು ತಿಂದವರು ಹಾದಿ ಗೊತ್ತಿದ್ದವರು. ದಾರಿ ತೋರಿಸಿದೆ ಅಂತ ಒಂದು ಕಡೆಯವರು, ತೋರಿಸಲ್ವಾ ಅಂತ ಇನ್ನೊಂದು ಕಡೆಯವರು. ವಿಶೇಷ ಪೊಲೀಸ್ ಪಡೆಯ ದೌರ್ಜನ್ಯದ ದೂರುಗಳನ್ನ ವಿಚಾರಿಸೋಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಜನಕ್ಕೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿತು. ಕಾಡಿನ ಒಳದಾರಿ ಗೊತ್ತಿರೋದೇ ಒಂದು ಅಪರಾಧ ಆಗಿದ್ದ ಕಾಲ. ಆ ತಲೆಮಾರಿನ ಕೆಲವರು ಇವತ್ತಿಗೂ ದಾರಿ ಕೇಳಿದ್ರೆ ಮೊದಲು ನಿಮ್ಮ ಮುಖ ನೋಡ್ತಾರೆ, ಯಾಕೆ ಅಂತ ಕೇಳ್ತಾರೆ, ಆಮೇಲೆ ಗೊತ್ತಿಲ್ಲ ಅಂತಾರೆ.

ಎರಡನೇ ಹಾದಿ ಮಾದಪ್ಪನದೇ. ಮಲೆ ಮಾದೇಶ್ವರನ ಜನಪದ ಮಹಾಕಾವ್ಯ ಕೇಳಿದವರಿಗೆ ಗೊತ್ತು, ಅದು ಪೂರ್ತಿ ನಡಿಗೆಯ ಕತೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು; ದೇವರಗುಡ್ಡರು, ಕಂಸಾಳೆಯವರು ಅದಕ್ಕೂ ಮುಂಚಿನಿಂದ ರಾತ್ರಿಯಿಡೀ ಹಾಡ್ಕೊಂಡು ಬಂದವರು. ಕುಂತೂರು ಮಠದಿಂದ ಹೊರಟ ಮಾದಪ್ಪ ಬೆಟ್ಟ ಬೆಟ್ಟ ಹತ್ತಿ ಇಳಿದು, ಆಲಂಬಾಡಿ ಜುಂಜೇಗೌಡನ ಹತ್ತಿರ ಗುಡಿ ಕಟ್ಟಿಸಿಕೊಂಡು, ಎಪ್ಪತ್ತೇಳು ಮಲೆಯ ಒಡೆಯನಾಗ್ತಾನೆ. ಆಲಂಬಾಡಿ ಕಾವೇರಿ ದಡದ ನಿಜವಾದ ಊರು, ಅಲ್ಲಿನ ದನದ ತಳಿಗೂ ಅದೇ ಹೆಸರು. ಕಾವ್ಯದಲ್ಲಿ ಬರೋ ಊರುಗಳನ್ನ ಒಂದೊಂದೇ ನಕ್ಷೆ ಮೇಲೆ ಗುರುತು ಹಾಕ್ತಾ ಹೋದ್ರೆ ದನ ಕಾಯೋರು, ಜೇನು ಕೀಳೋರು, ಬೇಸಾಯದವರು ಓಡಾಡ್ತಿದ್ದ ಹಾದಿಗಳ ಬಲೆಯೇ ಸಿಗುತ್ತೆ. ನಮ್ಮ ಕಡೆಯ ಹಳೇ ಟ್ರೆಕ್ಕಿಂಗ್ ಗೈಡ್ ಅಂದ್ರೆ ಅದೇ ಕಣ್ರೀ!

ಆ ಹಾದಿಯಲ್ಲಿ ಇವತ್ತಿಗೂ ಜನ ನಡೀತಾರೆ. ಶಿವರಾತ್ರಿ ಮುಂಚೆ ಕನಕಪುರ, ರಾಮನಗರ, ಚನ್ನಪಟ್ಟಣದ ಕಡೆಯವರು ಸಂಗಮದ ಹತ್ತಿರ ಕಾವೇರಿಯನ್ನ ನೀರಿಗಿಳಿದೇ ದಾಟಿ, ಕಾಡು ಹಾದು, ಶಾಗ್ಯದ ಮೇಲೆ ತಾಳಬೆಟ್ಟಕ್ಕೆ ಬರ್ತಾರೆ. ಆ ಕಾಡು 1987ರಿಂದ ಕಾವೇರಿ ವನ್ಯಧಾಮ. ತಲೆ ಮೇಲೆ ಅಕ್ಕಿ ಗಂಟು, ಸೊಂಟದಲ್ಲಿ ಮಗು, ಬಾಯಲ್ಲಿ ಉಘೇ ಮಾದಪ್ಪ. ತಾಳಬೆಟ್ಟದಲ್ಲಿ ಕಾಯಿ ಒಡೆದು, ಅಲ್ಲಿಂದ ಸುಮಾರು 18 ಕಿ.ಮೀ. ಹತ್ತೋದು. ರಂಗಸ್ವಾಮಿ ಒಡ್ಡು, ಆನೆತಲೆದಿಂಬ... ಹೆಸರು ಕೇಳಿದ್ರೇ ಹತ್ತಿದವರ ಮಂಡಿ ನೋವು ಮತ್ತೆ ಬರುತ್ತೆ. ಕೆಲವು ಕಡೆ ರಸ್ತೆಯ ಪಕ್ಕಕ್ಕೇ ನಡಿಗೆ, ಕೆಲವು ಕಡೆ ರಸ್ತೆ ಬಿಟ್ಟು ಹಳೇ ಸರ್ಪದಾರಿ. ಎತ್ತರಕ್ಕೆ ಹೋದ ಹಾಗೆ ಹಿಂದೆ ತಿರುಗಿ ನೋಡಿದ್ರೆ ಕೌದಳ್ಳಿ ಬಯಲು, ರಾಗಿ ಹೊಲ, ಕೆರೆ, ಮುಂದೆ ಮಡಿಕೆ ಮಡಿಕೆಯಾಗಿ ಬೆಟ್ಟ. ಇದು ಚಂದ ಅಂತ ಹೇಳೋಕೆ ನನಗೆ ಯಾವ ಅಳುಕೂ ಇಲ್ಲ. ಯಾಕಂದ್ರೆ ಹತ್ತೋರು ಬಯಸಿ ಬಂದವರು. ಬಸ್ಸಿದೆ, ಆದ್ರೂ ನಡೀತಾರೆ. ಹರಕೆ ಇರಬಹುದು, ಅಭ್ಯಾಸ ಇರಬಹುದು, ಊರಿನ ಜೊತೆಯವರು ಹೊರಟ್ರು ಅಂತಲೂ ಇರಬಹುದು.

ಬೆಟ್ಟದ ಮೇಲೆ ಇನ್ನೊಂದು ಸಣ್ಣ ಹಾದಿ ಇದೆ. ದೀಪಾವಳಿಯಲ್ಲಿ ಹಾಲರುವೆ ಉತ್ಸವ. ಬೆಟ್ಟದ ಪೂಜೆ ವಂಶಪಾರಂಪರ್ಯವಾಗಿ ಬೇಡಗಂಪಣರದ್ದು. ಆ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು ಹಾಲಹಳ್ಳದಿಂದ ಸುಮಾರು 7 ಕಿ.ಮೀ. ಕಾಡು ಹಾದಿಯಲ್ಲಿ ಕಳಸದಲ್ಲಿ ನೀರು ಹೊತ್ತು ಬರ್ತಾರೆ, ಅದರಲ್ಲಿ ಮಾದಪ್ಪನಿಗೆ ಅಭಿಷೇಕ. ಫೋಟೋದಲ್ಲಿ ಬಹಳ ಮುದ್ದಾಗಿ ಕಾಣುತ್ತೆ. ನೋಡಿ ಕೈ ಮುಗಿಯೋಣ, ಆ ಹಾದಿ ತುಳಿಯೋದು ಬೇಡ.

ಮೂರನೆಯದು ನಾಗಮಲೆ. ಈಗ ಬೆಂಗಳೂರಿನ ಚಾರಣಿಗರ ಬಾಯಲ್ಲಿ ಇರೋದು ಇದೇ. ಮಾದಪ್ಪನ ಬೆಟ್ಟದಿಂದ ಸುಮಾರು 14 ಕಿ.ಮೀ. ಇಂಡಿಗನತ್ತ ಅನ್ನೋ ಹಳ್ಳಿವರೆಗೆ ಜೀಪು ಕುಣೀತಾ ಹೋಗುತ್ತೆ, ಮುಂದಕ್ಕೆ ಕಾಲೇ ಗತಿ. ತುದಿಯಲ್ಲಿ ಹೆಡೆ ಎತ್ತಿದ ಹಾವಿನ ಹಾಗಿರೋ ಬಂಡೆ, ಅದರಡಿ ಲಿಂಗ. ಸುತ್ತ ಬೆಟ್ಟಗಳು, ಕಣ್ಣು ಹೋದಷ್ಟು ದೂರ. ಫ್ಯೋರ್ಡ್ ನೋಡಿ ಬಂದವನನ್ನ ಬೆರಗು ಮಾಡೋ ಜಾಗ ಇದೊಂದೇ ಅಂತ ಎದೆ ತಟ್ಟಿ ಹೇಳ್ತೀನಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾಗಿ ಗಲಾಟೆ ಆದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿತು, ಆಮೇಲೆ ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿ ಬುಕಿಂಗ್ ತೆರೆಯಿತು. ನಾಗಮಲೆಯೂ ಈ ನಿಯಮದೊಳಗೇ ಬರುತ್ತೆ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಎಲ್ಲಾ ಟ್ರಾವೆಲ್ ಪೇಜಿನ ಹಾಗೇ ಆಗುತ್ತೆ. ಅದೇ 2024ರ ಏಪ್ರಿಲ್ 26, ಲೋಕಸಭಾ ಚುನಾವಣೆ. ಇಂಡಿಗನತ್ತದವರು ಮತ ಹಾಕಲ್ಲ ಅಂತ ಕೂತರು. ರಸ್ತೆ ಇಲ್ಲ, ಸರಿಯಾದ ಸೌಕರ್ಯ ಇಲ್ಲ, ಎಷ್ಟು ಸಲ ಕೇಳೋದು ಅನ್ನೋದು ಅವರ ಮಾತು. ಪಕ್ಕದ ಮೆಂದಾರೆಯವರು ಮತ ಹಾಕೋಕೆ ಮುಂದಾದ್ರು. ಅಧಿಕಾರಿಗಳು ಒಪ್ಪಿಸೋಕೆ ಬಂದ್ರು, ಮಾತಿಗೆ ಮಾತು ಬೆಳೆದು ಮತಗಟ್ಟೆಯೇ ಧ್ವಂಸ ಆಯ್ತು. ಏಪ್ರಿಲ್ 29ಕ್ಕೆ ಮರು ಮತದಾನ ಮಾಡಿದ್ರು. ಬಂಧನ, ಕೇಸು, ಊರು ಬಿಟ್ಟು ಕಾಡು ಸೇರಿದ ಗಂಡಸರು, ಇವೆಲ್ಲಾ ಆಗ ಪೇಪರಿನಲ್ಲಿ ಬಂತು. ಮತಗಟ್ಟೆ ಒಡೆದದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಇಂಡಿಗನತ್ತ, ಮೆಂದಾರೆ, ತೇಕಣೆ, ತುಳಸಿಕೆರೆ, ಪಡಸಲನತ್ತ, ಈ ಹಳ್ಳಿಗಳಿಂದ ಕಾಯಿಲೆಯವರನ್ನ, ಬಸುರಿಯರನ್ನ ಬಟ್ಟೆ ಜೋಳಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದ ಸುದ್ದಿ ವರ್ಷ ವರ್ಷ ಓದಿದವನು ನಾನು. ಅವರು ಹೊತ್ತು ನಡೆದ ದಾರಿಗೂ ನಾವು ಸ್ಟೇಟಸ್ಸಿಗೆ ಹಾಕಿಕೊಂಡ ದಾರಿಗೂ ನಡುವೆ ಒಂದು ಬೇಲಿಯೂ ಇಲ್ಲ, ಎರಡೂ ಒಂದೇ.

ರಸ್ತೆ ಮಾಡೋದಕ್ಕೆ ಅಡ್ಡ ಇರೋದು ಕಾಡಿನ ಕಾನೂನು. 2013ರಲ್ಲಿ ಇದು ಮಲೆ ಮಹದೇಶ್ವರ ವನ್ಯಧಾಮ ಆಯ್ತು. ಹುಲಿ ಬರಬೇಕು, ಆನೆ ದಾಟಬೇಕು, ಒಪ್ಪೋ ಮಾತೇ. ಅರಣ್ಯ ಇಲಾಖೆ 'ಜನ-ವನ' ಅಂತ ಹೆಸರಿಟ್ಟು ಈ ಹಳ್ಳಿಗಳಿಗೆ ಜೀಪು ಓಡಿಸಿತು, ಶಾಲೆ ಮಕ್ಕಳಿಗೆ, ರೇಷನ್ನಿಗೆ ಅನುಕೂಲ ಆಯ್ತು. ಒಳ್ಳೇ ಕೆಲಸ. ಆದ್ರೆ ಮನುಷ್ಯರಿಗೂ ಕಾಡಿಗೂ ಹೊಂದಾಣಿಕೆ ಎಷ್ಟು ತೆಳುವಾಗಿದೆ ಅಂತ 2025ರ ಜೂನ್ 26ಕ್ಕೆ ಗೊತ್ತಾಯ್ತು. ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷ ತಿಂದು ಸತ್ತಿದ್ವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ರು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಬೆಟ್ಟದಲ್ಲಿ ಐದು ಹುಲಿ ಒಟ್ಟಿಗೆ! ಆ ವಾರ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಹಸು ಕಳಕೊಂಡವನ ಹೊಟ್ಟೆ ಉರಿಯ ಬಗ್ಗೆ ಮಾತಾಡಿದವರೂ ಇದ್ರು, ಹುಲಿ ಸತ್ತದ್ದಕ್ಕೆ ಕಣ್ಣಲ್ಲಿ ನೀರು ಹಾಕಿದವರೂ ಇದ್ರು, ಎರಡನ್ನೂ ಮಾಡಿದವರನ್ನೂ ನೋಡಿದೆ.

ನನಗೆ ಕೋಪ ಬರೋದು ಒಂದೇ ಮಾತಿಗೆ. ರಸ್ತೆ ಆದ್ರೆ ನಾಗಮಲೆಯ ಚಂದ ಹಾಳಾಗುತ್ತೆ ಅನ್ನೋ ಮಾತು. ಹಾಗೆ ಹೇಳೋರು ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬಂದಿರ್ತಾರೆ. ಆನೆ ದಾಟೋ ಜಾಗ ಇದು, ರಸ್ತೆ ಬೇಡ ಅಂತ ಕಾಡು ಬಲ್ಲವರು ವಾದ ಮಾಡಲಿ, ಕೂತು ಕೇಳೋಣ. ಸೀನರಿಗೋಸ್ಕರ ರಸ್ತೆ ಬೇಡ ಅಂತ ಯಾರಾದ್ರೂ ಅಂದ್ರೆ ಅವರನ್ನ ಒಂದು ಸಲ ಜೋಳಿಗೆಯಲ್ಲಿ ಮಲಗಿಸಿ ಆ ಹಾದಿಯಲ್ಲಿ ಹೊತ್ತು ತರಬೇಕು.

ಹಾಗಂತ ನಾಗಮಲೆಗೆ ಹೋಗಬೇಡಿ ಅಂತೀನಾ? ಇಲ್ಲ. ಅಲ್ಲಿಗೆ ಬರೋ ಜನರಿಂದ ಜೀಪಿನವರಿಗೆ, ಹಾದಿ ಬದಿ ಮಜ್ಜಿಗೆ, ಸೌತೆಕಾಯಿ ಮಾರೋರಿಗೆ ನಾಲ್ಕು ಕಾಸು ಆಗುತ್ತೆ. ಬುಕಿಂಗ್ ಇದ್ರೆ, ಇಲಾಖೆ ಬಿಟ್ರೆ, ಹೋಗಿ. ಪ್ಲಾಸ್ಟಿಕ್ ವಾಪಸ್ ತನ್ನಿ. ಊರಿನ ಒಳಗೆ ಹಾದು ಹೋಗುವಾಗ ಕೇಳದೇ ಮನೆ ಮುಂದಿನ ಹೆಂಗಸರ ಫೋಟೋ ತೆಗೀಬೇಡಿ.

ಒಟ್ಟಿನಲ್ಲಿ ಗೆಳೆಯನಿಗೆ ಆರಿಸಿದ್ದು ತಾಳಬೆಟ್ಟದ ಹಾದಿ. ಜಾತ್ರೆ, ಅಮಾವಾಸ್ಯೆ ಬಿಟ್ಟು ಮಾಮೂಲಿ ದಿನ, ನವೆಂಬರ್ ಡಿಸೆಂಬರಿನಲ್ಲಿ, ಮಳೆ ನಿಂತು ಹಸಿರು ಇನ್ನೂ ಇರುವಾಗ. ಹಿಂದಿನ ದಿನ ಒಡೆಯರಪಾಳ್ಯ ನೋಡಿ, ಮಠದ ಸುತ್ತ ಅಜ್ಜಿಯರ ಹಿಂದೆ ಎರಡು ಸುತ್ತು ಹಾಕಿ, ಹನೂರಿಗೆ ಬಂದು ಉಳ್ಕೊಳೋದು. ಬೆಳಕು ಪೂರ್ತಿ ಹರಿದ ಮೇಲೆ ತಾಳಬೆಟ್ಟ ಬಿಡೋದು. ಚಿರತೆ, ಆನೆ ಇರೋ ಕಾಡು, ಕತ್ತಲಲ್ಲಿ ಶೂರತನ ಬೇಡ. ನಡಿಗೆಗೆ ಬಿಡ್ತಾರೋ ಇಲ್ವೋ ಅಂತ ಹೊರಡೋ ಮುಂಚೆ ವಿಚಾರಿಸಬೇಕು, ಆಗಾಗ ನಿಲ್ಲಿಸ್ತಾರೆ. ನೀರು ಎರಡು ಲೀಟರ್, ಕಡಲೆಪುರಿ, ಬಾಳೆಹಣ್ಣು (ಕೋತಿ ಕಂಡ ಕೂಡಲೇ ಬಾಳೆಹಣ್ಣು ನಿಮ್ಮದಲ್ಲ ಅಂತ ತಿಳ್ಕೊಳಿ). ಆನೆತಲೆದಿಂಬದಲ್ಲಿ ಒಂದು ಗಳಿಗೆ ಕೂತು ಹಿಂದಕ್ಕೆ ನೋಡಿ. ಎಡಗಡೆ ದೂರಕ್ಕೆ ಕಾಣೋ ತಗ್ಗಿನ ಕಡೆಯಿಂದಲೇ ರೀಡ್ ಸಾಹೇಬನ ಎತ್ತುಗಳು ಕೌದಳ್ಳಿಗೆ ಹತ್ತಿ ಬಂದದ್ದು. ಮಧ್ಯಾಹ್ನದೊಳಗೆ ಬೆಟ್ಟ ಮುಟ್ಟಿದ್ರೆ ದಾಸೋಹದಲ್ಲಿ ಊಟ ಸಿಗುತ್ತೆ, ಕೊನೇ ಬಸ್ಸು ಯಾವಾಗ ಅಂತ ಊಟಕ್ಕೆ ಕೂರೋ ಮೊದಲೇ ಕೇಳ್ಕೊಳಿ.